ಜೀರ್ಣಸಮಸ್ಯೆಯುಳ್ಳ ಬೆಕ್ಕುಗಳ ಆಹಾರಕ್ರಮ

ಜೀರ್ಣಸಮಸ್ಯೆಯುಳ್ಳ ಬೆಕ್ಕುಗಳ ಆಹಾರಕ್ರಮವೆಂದರೆ ವಾಂತಿ, ಭೇದಿ, ಮಲಬದ್ಧತೆ, ಅಗ್ನಿಮಾಂದ್ಯ ಮುಂತಾದ ತೊಂದರೆಗಳಿಂದ ಬಳಲುವ ಸಾಕು ಬೆಕ್ಕಿಗೆ ರೋಗದ ಕಾರಣವನ್ನೂ ಪ್ರಾಣಿಯ ವಯಸ್ಸನ್ನೂ ಅನುಸರಿಸಿ ಆಹಾರವನ್ನು ಆಯ್ದು ನೀಡುವ ವಿಧಾನ. ಬೆಕ್ಕು ಮಾಂಸಾಹಾರವನ್ನೇ ಅವಲಂಬಿಸಿ ವಿಕಾಸಗೊಂಡ ಪ್ರಾಣಿಯಾದುದರಿಂದ ಮನುಷ್ಯರಿಗೆ ಹಿತವೆನಿಸುವ ಗಂಜಿ, ಮೊಸರನ್ನ, ಹಾಲು, ಉಪವಾಸ ಮೊದಲಾದ ಪಥ್ಯಗಳು ಅದಕ್ಕೆ ಹೊಂದುವುದಿಲ್ಲ. ಕೆಲವು ಪಥ್ಯಗಳು ರೋಗವನ್ನು ಹೆಚ್ಚಿಸುತ್ತವೆ. ದೀರ್ಘ ಉಪವಾಸವಂತೂ ಪ್ರಾಣಾಪಾಯಕ್ಕೆ ಕಾರಣವಾಗಬಲ್ಲದು. ಕರ್ನಾಟಕದ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳಂತಹ ಕೃಷಿಪ್ರಧಾನ ಪ್ರದೇಶಗಳಲ್ಲಿ ಬೆಕ್ಕು ಅರ್ಧ ಮನೆಯ ಊಟವನ್ನೂ ಅರ್ಧ ಬೇಟೆಯನ್ನೂ ನೆಚ್ಚಿ ಬದುಕುವುದರಿಂದ ಈ ವಿಷಯವು ಅಲ್ಲಿನ ಸಾಕಣೆದಾರರಿಗೆ ವಿಶೇಷ ಮಹತ್ವದ್ದಾಗಿದೆ.

## ಬೆಕ್ಕಿನ ಜೀರ್ಣಾಂಗದ ವೈಶಿಷ್ಟ್ಯಗಳು

ನಾಯಿ ಮತ್ತು ಮನುಷ್ಯರು ಮಿಶ್ರಾಹಾರಕ್ಕೆ ಒಗ್ಗಿಕೊಂಡಿದ್ದಾರೆ. ಬೆಕ್ಕಿಗೆ ಅಂತಹ ಹೊಂದಾಣಿಕೆ ಬಹಳ ಕಡಿಮೆ. ಅದರ ಹಲ್ಲುಗಳು ಹರಿಯಲು ಮತ್ತು ಕತ್ತರಿಸಲು ರೂಪುಗೊಂಡಿವೆ, ಅರೆಯಲು ಅಲ್ಲ. ಎಂಜಲಿನಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವವಿಲ್ಲ. ಕರುಳು ದೇಹದ ಉದ್ದಕ್ಕೆ ಹೋಲಿಸಿದರೆ ಗಿಡ್ಡದಾಗಿದ್ದು, ಹೆಚ್ಚು ನಾರು ಮತ್ತು ಪಿಷ್ಟವಿರುವ ಆಹಾರವನ್ನು ನಿಧಾನವಾಗಿ ಜೀರ್ಣಿಸಿಕೊಳ್ಳಲು ಬೇಕಾದ ಅವಕಾಶ ಅದರಲ್ಲಿಲ್ಲ. ಸಿಹಿ ರುಚಿಯನ್ನು ಗುರುತಿಸುವ ಶಕ್ತಿಯೂ ಬೆಕ್ಕಿಗಿಲ್ಲ. ಆ ರುಚಿಗ್ರಾಹಕಕ್ಕೆ ಸಂಬಂಧಿಸಿದ ಜೀನ್ ಬೆಕ್ಕಿನ ಕುಲದಲ್ಲಿ ನಿಷ್ಕ್ರಿಯವಾಗಿದೆಯೆಂಬುದು 2005ರಲ್ಲಿ ಪ್ರಕಟವಾಯಿತು.

ಬೆಕ್ಕಿನ ದೇಹವು ತಾನೇ ತಯಾರಿಸಿಕೊಳ್ಳಲಾಗದ, ಅಥವಾ ಸಾಲುವಷ್ಟು ತಯಾರಿಸಿಕೊಳ್ಳಲಾಗದ ಪೋಷಕಾಂಶಗಳು ಹಲವು:

* ಟಾರಿನ್: ಹೃದಯ, ಕಣ್ಣು ಮತ್ತು ಪಿತ್ತರಸದ ಕಾರ್ಯಕ್ಕೆ ಅಗತ್ಯ. ಮಾಂಸ ಮತ್ತು ಮೀನಿನಲ್ಲಿದೆ. ಧಾನ್ಯ, ಬೇಳೆ, ತರಕಾರಿಗಳಲ್ಲಿ ಪ್ರಾಯಶಃ ಇಲ್ಲವೆಂದೇ ಹೇಳಬೇಕು. ಇದರ ಕೊರತೆಯಿಂದ ಅಕ್ಷಿಪಟಲ ನಶಿಸುತ್ತದೆಂದು 1975ರಲ್ಲಿಯೂ, ಹೃದಯದ ಸ್ನಾಯು ದುರ್ಬಲಗೊಂಡು ಹಿಗ್ಗುತ್ತದೆಂದು 1987ರಲ್ಲಿಯೂ ಅಮೆರಿಕದ ಸಂಶೋಧಕರು ತೋರಿಸಿಕೊಟ್ಟರು. ಆನಂತರ ಸಿದ್ಧ ಆಹಾರಗಳಿಗೆ ಸೇರಿಸುವ ಟಾರಿನ್‌ನ ಪ್ರಮಾಣವನ್ನು ಹೆಚ್ಚಿಸಲಾಯಿತು.
* ಆರ್ಜಿನಿನ್: ಪ್ರೋಟೀನು ಒಡೆದಾಗ ಉಂಟಾಗುವ ಅಮೋನಿಯವನ್ನು ನಿವಾರಿಸಲು ಬೇಕಾದ ಅಮೈನೊ ಆಮ್ಲ. ಇದು ಇಲ್ಲದ ಆಹಾರ ತಿಂದರೆ ಕೆಲವೇ ಗಂಟೆಗಳಲ್ಲಿ ವಿಷಲಕ್ಷಣಗಳು ತೋರಬಹುದು.
* ಎ ಜೀವಸತ್ವ: ಮನುಷ್ಯರು ಗಜ್ಜರಿ, ಸೊಪ್ಪುಗಳಲ್ಲಿರುವ ಕ್ಯಾರೊಟಿನ್ ಅನ್ನು ಎ ಜೀವಸತ್ವವನ್ನಾಗಿ ಪರಿವರ್ತಿಸಿಕೊಳ್ಳುತ್ತಾರೆ. ಬೆಕ್ಕಿಗೆ ಅದು ಸಾಧ್ಯವಿಲ್ಲ, ಪ್ರಾಣಿಮೂಲದಿಂದಲೇ ದೊರೆಯಬೇಕು.
* ನಯಾಸಿನ್ ಮತ್ತು ಅರಾಕಿಡೋನಿಕ್ ಆಮ್ಲ: ಇವುಗಳನ್ನೂ ಮಾಂಸಾಹಾರವೇ ಒದಗಿಸಬೇಕು.

ಇಲಿಯ ದೇಹದಲ್ಲಿ ಈ ಎಲ್ಲ ಅಂಶಗಳೂ ಇವೆ. ಜೊತೆಗೆ ಅದರ ತೂಕದ ಸುಮಾರು ಮೂರನೆಯ ಎರಡರಷ್ಟು ನೀರೇ ಆಗಿದೆ. ಬೆಕ್ಕು ಸ್ವಭಾವತಃ ಒಂದೇ ಸಲಕ್ಕೆ ಹೊಟ್ಟೆ ತುಂಬ ತಿನ್ನುವುದಿಲ್ಲ. ದಿನಕ್ಕೆ ಹಲವು ಬಾರಿ ಸ್ವಲ್ಪಸ್ವಲ್ಪ ತಿನ್ನುತ್ತದೆ. ರೋಗಪಥ್ಯವನ್ನು ರೂಪಿಸುವಾಗ ಈ ಸ್ವಭಾವವನ್ನು ಗಮನದಲ್ಲಿಡಬೇಕು.

## ಲಕ್ಷಣಗಳು

ಬೆಕ್ಕು ತನ್ನ ನೋವನ್ನು ಮರೆಮಾಚುವ ಪ್ರಾಣಿ. ಹೊಟ್ಟೆನೋವಿರುವ ಬೆಕ್ಕು ಕೂಗುವುದಕ್ಕಿಂತ ಮಂಚದ ಕೆಳಗೆ, ಅಟ್ಟದ ಮೂಲೆಯಲ್ಲಿ ಅಥವಾ ಹುಲ್ಲಿನ ಬಣವೆಯ ಸಂದಿಯಲ್ಲಿ ಮುದುರಿ ಕೂರುವುದೇ ಹೆಚ್ಚು. ಸಾಮಾನ್ಯವಾಗಿ ಕಾಣುವ ಲಕ್ಷಣಗಳು:

* ಆಹಾರವನ್ನು ಮೂಸಿ ಹಿಂದೆ ಸರಿಯುವುದು, ತುಟಿ ನೆಕ್ಕುವುದು, ಜೊಲ್ಲು ಸುರಿಸುವುದು;
* ತಿಂದದ್ದನ್ನು ಅಥವಾ ನೊರೆ, ಹಳದಿ ನೀರನ್ನು ವಾಂತಿ ಮಾಡುವುದು;
* ತೆಳು ಮಲ, ಮಲದಲ್ಲಿ ಲೋಳೆ, ರಕ್ತ ಅಥವಾ ಹುಳು;
* ಗಟ್ಟಿಯಾದ ಸಣ್ಣ ಮಲದ ಉಂಡೆಗಳು, ಮುಕ್ಕರಿಸುವುದು;
* ತೂಕ ಇಳಿಯುವುದು, ಮೈಗೂದಲು ಕಳೆಗುಂದುವುದು, ಮೈ ನೆಕ್ಕಿಕೊಳ್ಳುವುದನ್ನು ನಿಲ್ಲಿಸುವುದು.

ಒಮ್ಮೆ ವಾಂತಿ ಮಾಡಿ ಬಳಿಕ ಎಂದಿನಂತೆ ತಿಂದು ಆಡುವ ಬೆಕ್ಕಿಗೆ ಸಾಮಾನ್ಯವಾಗಿ ವಿಶೇಷ ಚಿಕಿತ್ಸೆ ಬೇಕಾಗುವುದಿಲ್ಲ. ವಾರಗಟ್ಟಲೆ ಬಿಟ್ಟುಬಿಟ್ಟು ಬರುವ ವಾಂತಿ ಮತ್ತು ಭೇದಿ ಆಹಾರದ ಬದಲಾವಣೆಯೊಂದರಿಂದಲೇ ಗುಣವಾಗುತ್ತದೆಂದು ಭಾವಿಸಬಾರದು.

## ಕಾರಣಗಳು

ಸರಿಯಾದ ಆಹಾರವನ್ನು ಆಯ್ಕೆ ಮಾಡಲು ಕಾರಣವನ್ನು ಅರಿಯುವುದು ಮೊದಲ ಹೆಜ್ಜೆ. ಕಾರಣಗಳನ್ನು ಸ್ಥೂಲವಾಗಿ ನಾಲ್ಕು ಗುಂಪುಗಳಾಗಿ ವಿಂಗಡಿಸಬಹುದು.

ಆಹಾರದಿಂದ ಬಂದವು: ಆಹಾರವನ್ನು ಹಠಾತ್ತನೆ ಬದಲಿಸುವುದು, ಹಳಸಿದ ಅನ್ನ ಅಥವಾ ಮೀನು, ಅತಿಯಾದ ಎಣ್ಣೆ ಮತ್ತು ಖಾರ, ಹಾಲಿನ ಅಸಹಿಷ್ಣುತೆ, ನಿರ್ದಿಷ್ಟ ಪ್ರೋಟೀನಿಗೆ ಅಲರ್ಜಿ.

ಸೋಂಕು ಮತ್ತು ಪರೋಪಜೀವಿಗಳು: ದುಂಡುಹುಳು, ಕೊಕ್ಕೆಹುಳು, ಲಾಡಿಹುಳು, ಜಿಯಾರ್ಡಿಯದಂತಹ ಏಕಕೋಶಜೀವಿಗಳು. ಲಾಡಿಹುಳುವಿನ ಒಂದು ಬಗೆ ಚಿಗಟಗಳ ಮೂಲಕ ಹರಡುತ್ತದೆ. ಬೆಕ್ಕಿನ ಗುದದ ಸುತ್ತ ಅಕ್ಕಿಕಾಳಿನಂತಹ ತುಣುಕುಗಳು ಕಂಡರೆ ಅದನ್ನು ಶಂಕಿಸಬೇಕು. ಮರಿಗಳಲ್ಲಿ ಪ್ಯಾನ್‌ಲ್ಯುಕೋಪೀನಿಯ ಎಂಬ ವೈರಾಣು ರೋಗವು ತೀವ್ರ ವಾಂತಿ, ಭೇದಿ ಮತ್ತು ಬಿಳಿ ರಕ್ತಕಣಗಳ ನಾಶವನ್ನು ಉಂಟುಮಾಡಿ ಬಹುಬೇಗ ಸಾವು ತರುತ್ತದೆ. ಇದು ಆಹಾರದಿಂದ ಗುಣವಾಗುವ ಕಾಯಿಲೆಯಲ್ಲ.

ಅನ್ಯವಸ್ತು ಮತ್ತು ವಿಷ: ಹೂ ಕಟ್ಟುವ ದಾರ, ಹೊಲಿಗೆಯ ನೂಲು, ಗಾಳಿಪಟದ ದಾರ ನುಂಗಿದರೆ ಕರುಳು ನೆರಿಗೆಗಟ್ಟಿ ಹರಿಯಬಹುದು. ಬತ್ತ ಮತ್ತು ಮೆಕ್ಕೆಜೋಳದ ದಾಸ್ತಾನಿರುವ ಮನೆಗಳಲ್ಲಿ ಇಡುವ ಇಲಿಪಾಷಾಣವನ್ನು ಬೆಕ್ಕು ನೇರವಾಗಿ ತಿನ್ನಬಹುದು ಅಥವಾ ಪಾಷಾಣ ತಿಂದ ಇಲಿಯ ಮೂಲಕ ಅದು ಬೆಕ್ಕನ್ನು ಸೇರಬಹುದು.

ಒಳಾಂಗಗಳ ರೋಗಗಳು: ಕರುಳಿನ ದೀರ್ಘಕಾಲಿಕ ಉರಿಯೂತ, ಮೇದೋಜೀರಕ ಗ್ರಂಥಿಯ ಉರಿಯೂತ, ಮೂತ್ರಪಿಂಡದ ಮತ್ತು ಯಕೃತ್ತಿನ ರೋಗಗಳು, ವಯಸ್ಸಾದ ಬೆಕ್ಕುಗಳಲ್ಲಿ ಥೈರಾಯ್ಡ್ ಗ್ರಂಥಿಯ ಅತಿಚಟುವಟಿಕೆ ಮತ್ತು ಗೆಡ್ಡೆಗಳು.

## ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳಲ್ಲಿ ಆಹಾರದ ಪರಿಸ್ಥಿತಿ

1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಿಂದಲೂ, ಜಗಳೂರು ಚಿತ್ರದುರ್ಗ ಜಿಲ್ಲೆಯಿಂದಲೂ ಅದಕ್ಕೆ ಸೇರಿದವು. ನ್ಯಾಮತಿಯು ಮುಂದೆ ಹೊನ್ನಾಳಿಯಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾಯಿತು. ಈ ನಾಲ್ಕು ತಾಲ್ಲೂಕುಗಳ ನೆಲ ಮತ್ತು ನೀರು ಒಂದೇ ಬಗೆಯವಲ್ಲ. ಚನ್ನಗಿರಿಯಲ್ಲಿ ಅಡಿಕೆ ತೋಟಗಳೂ ಸೂಳೆಕೆರೆಯೂ (ಶಾಂತಿಸಾಗರ) ಇವೆ. ಹೊನ್ನಾಳಿಯ ಬದಿಯಲ್ಲಿ ತುಂಗಭದ್ರೆ ಹರಿಯುತ್ತದೆ. ಜಗಳೂರು ಮಳೆಯನ್ನೇ ನೆಚ್ಚಿದ ಬಯಲುಸೀಮೆ. ಆದರೆ ಬೆಕ್ಕನ್ನು ಸಾಕುವ ಉದ್ದೇಶ ಎಲ್ಲೆಡೆಯೂ ಒಂದೇ ಆಗಿತ್ತು: ಕಣಜದ ಕಾಳನ್ನು ಇಲಿಯಿಂದ ಕಾಪಾಡುವುದು. ಬೆಕ್ಕು ಇಲಿ ಹಿಡಿದು ತಿನ್ನುತ್ತಿದ್ದ ಕಾಲದಲ್ಲಿ ಮನೆಯವರು ಹಾಕುವ ಹಾಲನ್ನವು ಅದಕ್ಕೆ ಉಪಾಹಾರ ಮಾತ್ರವಾಗಿತ್ತು. ಮನೆಯೊಳಗೇ ಉಳಿಯುವ, ಬೇಟೆಯಿಲ್ಲದ ಬೆಕ್ಕಿಗೆ ಅದೇ ಹಾಲನ್ನ ಪೂರ್ಣಾಹಾರವಾದಾಗ ಪೋಷಣೆಯ ಕೊರತೆ ಆರಂಭವಾಗುತ್ತದೆ.

### ಹಾಲು

ಬೆಕ್ಕು ಮತ್ತು ಹಾಲಿನ ಸಂಬಂಧ ಜನಪದದಲ್ಲಿ ಗಾಢವಾಗಿ ಬೇರೂರಿದೆ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು ಕನ್ನಡದ ಗಾದೆಯಲ್ಲಿದೆ; ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡು ಹಾಲನ್ನು ಕಂಡರೆ ಓಡುವ ಬೆಕ್ಕು ತೆನಾಲಿ ರಾಮನ ಕಥೆಯಲ್ಲಿದೆ. ಬೆಕ್ಕು ಹಾಲನ್ನು ಇಷ್ಟಪಡುವುದು ನಿಜ. ಅದು ಕೊಬ್ಬಿನ ವಾಸನೆಗೆ ಮಾರುಹೋಗುತ್ತದೆ. ಆದರೆ ತಾಯಿಯ ಹಾಲು ಬಿಟ್ಟ ಮೇಲೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಕಿಣ್ವವು ಅದರ ಕರುಳಿನಲ್ಲಿ ಕ್ರಮೇಣ ಕಡಿಮೆಯಾಗುತ್ತದೆ. ಜೀರ್ಣವಾಗದ ಸಕ್ಕರೆಯು ದೊಡ್ಡ ಕರುಳಿನಲ್ಲಿ ಹುದುಗಿ, ನೀರನ್ನು ಸೆಳೆದು, ವಾಯು ಮತ್ತು ಭೇದಿಯನ್ನು ಉಂಟುಮಾಡುತ್ತದೆ. ಎಲ್ಲ ಬೆಕ್ಕುಗಳಿಗೂ ಹೀಗಾಗುವುದಿಲ್ಲ. ಅಲ್ಪ ಪ್ರಮಾಣವನ್ನು ತಡೆದುಕೊಳ್ಳುವ ಬೆಕ್ಕುಗಳಿವೆ. ಭೇದಿಯಿರುವ ಬೆಕ್ಕಿಗೆ ಮಾತ್ರ ಮೊದಲು ನಿಲ್ಲಿಸಬೇಕಾದದ್ದು ಹಾಲು. ಅನೇಕ ಪ್ರಕರಣಗಳಲ್ಲಿ ಇದೊಂದು ಕ್ರಮದಿಂದಲೇ ಮಲ ಗಟ್ಟಿಯಾಗುತ್ತದೆ.

ಮೊಸರಿನಲ್ಲಿ ಲ್ಯಾಕ್ಟೋಸ್ ಕಡಿಮೆಯಿರುವುದರಿಂದ ಒಂದೆರಡು ಚಮಚ ಕೆಲವು ಬೆಕ್ಕುಗಳಿಗೆ ಒಗ್ಗುತ್ತದೆ. ಆದರೆ ಅದು ಔಷಧಿಯೂ ಅಲ್ಲ, ಪೂರ್ಣಾಹಾರವೂ ಅಲ್ಲ.

### ಅನ್ನ, ಮುದ್ದೆ, ರೊಟ್ಟಿ

ಚೆನ್ನಾಗಿ ಬೆಂದ ಅನ್ನದ ಪಿಷ್ಟವನ್ನು ಬೆಕ್ಕು ಸ್ವಲ್ಪಮಟ್ಟಿಗೆ ಜೀರ್ಣಿಸಿಕೊಳ್ಳಬಲ್ಲದು. ಮಾಂಸದ ಜೊತೆ ಅಲ್ಪ ಅನ್ನ ಬೆರೆಸಿದರೆ ದೋಷವಿಲ್ಲ. ಅನ್ನ, ರಾಗಿಮುದ್ದೆ, ಜೋಳದ ರೊಟ್ಟಿ, ಮಂಡಕ್ಕಿ, ಬಿಸ್ಕತ್ತುಗಳೇ ಮುಖ್ಯ ಆಹಾರವಾದಾಗ ಹೊಟ್ಟೆ ತುಂಬಿದರೂ ಟಾರಿನ್ ಮತ್ತು ಪ್ರೋಟೀನುಗಳ ಅಭಾವ ಉಂಟಾಗುತ್ತದೆ. ಇಂತಹ ಬೆಕ್ಕು ದುಂಡಗೆ ಕಂಡರೂ ಒಳಗೆ ದುರ್ಬಲವಾಗಿರಬಹುದು. ಸಾರಿನಲ್ಲಿ ಕಲಸಿದ ಅನ್ನದಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ ಮತ್ತು ಉಪ್ಪು ಇರುವುದರಿಂದ ಅದು ವರ್ಜ್ಯ.

### ಮೀನು

ಕೆರೆ ಮತ್ತು ಹೊಳೆಯ ಮೀನು ಸುಲಭವಾಗಿ ದೊರೆಯುವ ಊರುಗಳಲ್ಲಿ ಮೀನಿನ ತಲೆ ಮತ್ತು ಕರುಳನ್ನು ಹಸಿಯಾಗಿಯೇ ಬೆಕ್ಕಿಗೆ ಎಸೆಯುವುದುಂಟು. ಹಲವು ಬಗೆಯ ಹಸಿ ಮೀನಿನಲ್ಲಿ ಥಯಾಮಿನ್ ಎಂಬ ಬಿ1 ಜೀವಸತ್ವವನ್ನು ನಾಶಮಾಡುವ ಕಿಣ್ವವಿದೆ. ದೀರ್ಘಕಾಲ ಇದನ್ನೇ ತಿಂದ ಬೆಕ್ಕಿಗೆ ಹಸಿವು ಕುಗ್ಗಿ, ನಡಿಗೆ ತಪ್ಪಿ, ಕುತ್ತಿಗೆ ಬಾಗಿ, ಸೆಳವು ಬರಬಹುದು. ಬೇಯಿಸಿದರೆ ಆ ಕಿಣ್ವ ನಾಶವಾಗುತ್ತದೆ. ಮೀನನ್ನು ಮುಳ್ಳು ತೆಗೆದು ಬೇಯಿಸಿ ವಾರಕ್ಕೆ ಒಂದೆರಡು ಬಾರಿ ನೀಡುವುದು ಸೂಕ್ತ. ಒಣಮೀನಿನಲ್ಲಿ ಉಪ್ಪು ಅತಿಯಾಗಿರುವುದರಿಂದ ರೋಗಿ ಬೆಕ್ಕಿಗೆ ಕೊಡಬಾರದು.

## ಉಪವಾಸದ ಅಪಾಯ

ಹೊಟ್ಟೆ ಕೆಟ್ಟಾಗ ಲಂಘನವೇ ಪರಮೌಷಧವೆಂಬ ನಂಬಿಕೆ ಮನುಷ್ಯರ ವಿಷಯದಲ್ಲಿ ಪ್ರಚಲಿತವಾಗಿದೆ. ಬೆಕ್ಕಿನ ವಿಷಯದಲ್ಲಿ ಇದನ್ನು ಅನುಸರಿಸುವುದು ಅಪಾಯಕರ. ಬೆಕ್ಕು ಕೆಲವು ದಿನ ಏನನ್ನೂ ತಿನ್ನದಿದ್ದರೆ ದೇಹದ ಕೊಬ್ಬು ಕರಗಿ ಯಕೃತ್ತಿಗೆ ಹರಿದುಬರುತ್ತದೆ. ಬೆಕ್ಕಿನ ಯಕೃತ್ತು ಅದನ್ನು ಅಷ್ಟೇ ವೇಗವಾಗಿ ಸಾಗಹಾಕಲಾರದೆ ತಾನೇ ಕೊಬ್ಬಿನಿಂದ ತುಂಬಿಹೋಗುತ್ತದೆ. ಈ ಸ್ಥಿತಿಗೆ ಯಕೃತ್ತಿನ ಕೊಬ್ಬುಗಟ್ಟುವಿಕೆ ಎನ್ನುತ್ತಾರೆ. ಕಣ್ಣು, ಕಿವಿಯ ಒಳಭಾಗ ಮತ್ತು ವಸಡು ಹಳದಿಯಾಗುವುದು ಇದರ ಮುಖ್ಯ ಚಿಹ್ನೆ. ಸ್ಥೂಲಕಾಯದ ಬೆಕ್ಕುಗಳಲ್ಲಿ ಅಪಾಯ ಹೆಚ್ಚು. ಚಿಕಿತ್ಸೆಯೆಂದರೆ ಪುನಃ ಆಹಾರ ಒದಗಿಸುವುದೇ. ತಾನಾಗಿ ತಿನ್ನದ ಬೆಕ್ಕಿಗೆ ವೈದ್ಯರು ನಳಿಕೆಯ ಮೂಲಕ ವಾರಗಟ್ಟಲೆ ಉಣಿಸಬೇಕಾಗುತ್ತದೆ.

ಆದ್ದರಿಂದ ಮೊದಲ ಪ್ರಶ್ನೆ ಯಾವ ಆಹಾರ ಉತ್ತಮವೆಂಬುದಲ್ಲ. ಬೆಕ್ಕು ತಿನ್ನುತ್ತಿದೆಯೇ ಎಂಬುದು. ಬೆಳೆದ ಬೆಕ್ಕು 24 ಗಂಟೆ ಏನನ್ನೂ ಮುಟ್ಟದಿದ್ದರೆ ಪಶುವೈದ್ಯರನ್ನು ಕಾಣಬೇಕು. ಎಳೆಯ ಮರಿಗಳ ದೇಹದಲ್ಲಿ ಸಂಗ್ರಹ ಕಡಿಮೆಯಿರುವುದರಿಂದ ಅರ್ಧ ದಿನವೂ ಕಾಯುವಂತಿಲ್ಲ. ಹೊಸ ಪಥ್ಯಾಹಾರವನ್ನು ಬೆಕ್ಕು ನಿರಾಕರಿಸಿದಾಗ "ಹಸಿವಾದರೆ ತಾನೇ ತಿನ್ನುತ್ತದೆ" ಎಂದು ಕಾಯುವುದೂ ಇದೇ ಕಾರಣದಿಂದ ತಪ್ಪು.

## ಆಹಾರದ ಆಯ್ಕೆ

### ಹಠಾತ್ ಭೇದಿ ಮತ್ತು ವಾಂತಿ

ಬೆಕ್ಕು ಚುರುಕಾಗಿದ್ದು, ನೀರು ಕುಡಿಯುತ್ತಿದ್ದು, ರಕ್ತ ಅಥವಾ ಜ್ವರದ ಲಕ್ಷಣಗಳಿಲ್ಲದಿದ್ದರೆ ಎರಡು ಮೂರು ದಿನ ಸುಲಭವಾಗಿ ಜೀರ್ಣವಾಗುವ ಆಹಾರ ನೀಡಬಹುದು.

1. ಮೂಳೆ ಮತ್ತು ಚರ್ಮ ತೆಗೆದ ಕೋಳಿಮಾಂಸವನ್ನು ಉಪ್ಪು, ಎಣ್ಣೆ, ಮಸಾಲೆ ಹಾಕದೆ ನೀರಿನಲ್ಲಿ ಮೆತ್ತಗೆ ಬೇಯಿಸಿ, ನುಣ್ಣಗೆ ಬಿಡಿಸಿಕೊಳ್ಳಬೇಕು.
2. ಮೈಬೆಚ್ಚಗಿರುವಾಗ ಒಂದೆರಡು ಚಮಚದಷ್ಟು ನೀಡಿ, ವಾಂತಿಯಾಗದಿದ್ದರೆ ಮೂರು ನಾಲ್ಕು ಗಂಟೆಗೊಮ್ಮೆ ಪುನರಾವರ್ತಿಸಬೇಕು. ಬೆಚ್ಚಗಿನ ಆಹಾರದ ವಾಸನೆ ಹಸಿವನ್ನು ಕೆರಳಿಸುತ್ತದೆ.
3. 4 ಕಿಲೋಗ್ರಾಂ ತೂಕದ ಬೆಳೆದ ಬೆಕ್ಕಿಗೆ ದಿನವೊಂದಕ್ಕೆ ಸುಮಾರು 200ರಿಂದ 250 ಕಿಲೋಕ್ಯಾಲೊರಿ ಶಕ್ತಿ ಬೇಕು. ಬೇಯಿಸಿದ ಕೋಳಿಯ ಎದೆಮಾಂಸವಾದರೆ ಇದು 120ರಿಂದ 150 ಗ್ರಾಂ. ಇದನ್ನು ನಾಲ್ಕರಿಂದ ಆರು ಹೊತ್ತುಗಳಿಗೆ ಹಂಚಬೇಕು.
4. ಮಾಂಸ ಬೇಯಿಸಿದ ತಿಳಿನೀರನ್ನು ಚೆಲ್ಲದೆ ಆಹಾರದೊಡನೆ ನೀಡಿದರೆ ದೇಹಕ್ಕೆ ನೀರೂ ದೊರೆಯುತ್ತದೆ.
5. ಮಲ ಗಟ್ಟಿಯಾದ ಮೇಲೆ ಎಂದಿನ ಆಹಾರವನ್ನು ಕಾಲು, ಅರ್ಧ, ಮುಕ್ಕಾಲು ಭಾಗದಂತೆ ಬೆರೆಸುತ್ತ 7ರಿಂದ 10 ದಿನಗಳಲ್ಲಿ ಪೂರ್ಣವಾಗಿ ಹಿಂದಿರುಗಿಸಬೇಕು.

ಬರಿಯ ಕೋಳಿಮಾಂಸವು ಸಮತೋಲಿತ ಆಹಾರವಲ್ಲ. ಅದರಲ್ಲಿ ಸುಣ್ಣದಂಶ ಅತ್ಯಲ್ಪ. ಬೇಯಿಸಿದಾಗ ಟಾರಿನ್‌ನ ಒಂದಂಶ ನೀರಿಗೆ ಸೇರುತ್ತದೆ. ಆದ್ದರಿಂದ ಇದು ಕೆಲವು ದಿನಗಳ ಪಥ್ಯವೇ ಹೊರತು ಶಾಶ್ವತ ಆಹಾರವಲ್ಲ.

### ದೀರ್ಘಕಾಲದ ಭೇದಿ ಮತ್ತು ವಾಂತಿ

ಮೂರು ವಾರಗಳಿಗಿಂತ ಹೆಚ್ಚು ಕಾಲ ಉಳಿದ ತೊಂದರೆಯಲ್ಲಿ ಮಲಪರೀಕ್ಷೆ, ಜಂತುಹುಳು ನಿವಾರಣೆ ಮತ್ತು ರಕ್ತಪರೀಕ್ಷೆ ಮೊದಲು ನಡೆಯಬೇಕು. ಅವುಗಳಲ್ಲಿ ಕಾರಣ ದೊರೆಯದಿದ್ದರೆ ಆಹಾರ ಪರೀಕ್ಷೆ ಕೈಗೊಳ್ಳುತ್ತಾರೆ. ಬೆಕ್ಕು ಹಿಂದೆಂದೂ ತಿನ್ನದ ಒಂದೇ ಪ್ರೋಟೀನನ್ನು, ಉದಾಹರಣೆಗೆ ಬಾತುಕೋಳಿ ಅಥವಾ ಮೊಲದ ಮಾಂಸವನ್ನು ಬಳಸುವುದು ಒಂದು ವಿಧಾನ. ಪ್ರೋಟೀನನ್ನು ಅಲರ್ಜಿ ಉಂಟುಮಾಡದಷ್ಟು ಸಣ್ಣ ತುಣುಕುಗಳಾಗಿ ಒಡೆದು ತಯಾರಿಸಿದ ಚಿಕಿತ್ಸಾ ಆಹಾರವನ್ನು ಬಳಸುವುದು ಇನ್ನೊಂದು. ಬೆಕ್ಕುಗಳಲ್ಲಿ ಹೆಚ್ಚಾಗಿ ವರದಿಯಾದ ಆಹಾರ ಅಲರ್ಜಿಗಳು ದನದ ಮಾಂಸ, ಮೀನು ಮತ್ತು ಕೋಳಿಗೆ ಸಂಬಂಧಿಸಿದವು.

ಪರೀಕ್ಷೆಯ ಅವಧಿಯಲ್ಲಿ ಹಾಲು, ಬಿಸ್ಕತ್ತು, ನೆರೆಮನೆಯ ತುತ್ತು ಯಾವುದೂ ಸಲ್ಲದು. ಕರುಳಿನ ಲಕ್ಷಣಗಳು ಆಹಾರದಿಂದಲೇ ಬಂದಿದ್ದರೆ ಸಾಮಾನ್ಯವಾಗಿ ಎರಡು ವಾರಗಳೊಳಗೆ ಸುಧಾರಣೆ ಕಾಣುತ್ತದೆ. ಚರ್ಮದ ತುರಿಕೆಯೂ ಇದ್ದರೆ ಎಂಟು ವಾರಗಳವರೆಗೆ ಮುಂದುವರಿಸಬೇಕಾಗುತ್ತದೆ. ಊರೆಲ್ಲ ತಿರುಗಾಡುವ ಬೆಕ್ಕಿನಲ್ಲಿ ಈ ಪರೀಕ್ಷೆ ಫಲಿಸುವುದು ಕಷ್ಟ. ಆ ಅವಧಿಯಲ್ಲಿ ಅದನ್ನು ಮನೆಯೊಳಗೇ ಇರಿಸಿಕೊಳ್ಳಬೇಕು.

ಕರುಳಿನ ದೀರ್ಘರೋಗದಲ್ಲಿ ಬಿ12 ಜೀವಸತ್ವದ ಹೀರಿಕೆ ಕುಂಠಿತವಾಗುತ್ತದೆ. ಅದನ್ನು ಸರಿಪಡಿಸದೆ ಆಹಾರ ಎಷ್ಟೇ ಉತ್ತಮವಾದರೂ ಬೆಕ್ಕು ಚೇತರಿಸಿಕೊಳ್ಳುವುದಿಲ್ಲ. ವೈದ್ಯರು ಇದನ್ನು ಸಾಮಾನ್ಯವಾಗಿ ಚುಚ್ಚುಮದ್ದಿನ ಮೂಲಕ ನೀಡುತ್ತಾರೆ.

### ಮಲಬದ್ಧತೆ

ನೀರಿನ ಕೊರತೆ ಇದರ ಪ್ರಮುಖ ಕಾರಣಗಳಲ್ಲೊಂದು. ಒಣ ಆಹಾರದ ಬದಲು ತೇವಾಂಶವುಳ್ಳ ಆಹಾರ, ಹೆಚ್ಚು ನೀರು, ಬೇಯಿಸಿ ನುರಿದ ಸಿಹಿಗುಂಬಳ ಒಂದು ಚಮಚ ಅಥವಾ ನೀರಿನಲ್ಲಿ ಚೆನ್ನಾಗಿ ನೆನೆಸಿದ ಇಸಬ್ಗೋಲ್ ಚಿಟಿಕೆಯಷ್ಟು ಆಹಾರದಲ್ಲಿ ಬೆರೆಸಿ ನೀಡುವುದು ಸೌಮ್ಯ ಪ್ರಕರಣಗಳಲ್ಲಿ ಉಪಯುಕ್ತ. ನೀರಿಲ್ಲದೆ ನಾರು ಹೆಚ್ಚಿಸಿದರೆ ಮಲ ಇನ್ನಷ್ಟು ಗಟ್ಟಿಯಾಗುತ್ತದೆ. ಹರಳೆಣ್ಣೆ ಅಥವಾ ತುಪ್ಪವನ್ನು ಬಲವಂತವಾಗಿ ಬಾಯಿಗೆ ಹೊಯ್ದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯ ಉಂಟುಮಾಡಬಹುದು.

ಮುಕ್ಕರಿಸುವ ಗಂಡು ಬೆಕ್ಕಿಗೆ ಮಲಬದ್ಧತೆಯೇ ಆಗಿದೆಯೆಂದು ನಿರ್ಧರಿಸುವ ಮೊದಲು ಅದು ಮೂತ್ರ ಮಾಡುತ್ತಿದೆಯೇ ಎಂದು ನೋಡಬೇಕು. ಮೂತ್ರನಾಳ ಕಟ್ಟಿಕೊಂಡ ಬೆಕ್ಕೂ ಹಾಗೆಯೇ ಮುಕ್ಕರಿಸುತ್ತದೆ. ಚಿಕಿತ್ಸೆ ದೊರೆಯದಿದ್ದರೆ ಎರಡು ಮೂರು ದಿನಗಳಲ್ಲಿ ಸಾಯುತ್ತದೆ.

### ಕೂದಲುಂಡೆ

ಮೈ ನೆಕ್ಕಿಕೊಳ್ಳುವಾಗ ನುಂಗಿದ ಕೂದಲು ಜಠರದಲ್ಲಿ ಉಂಡೆಗಟ್ಟಿ ವಾಂತಿಯಾಗುವುದು ಅಪರೂಪಕ್ಕೊಮ್ಮೆ ಸಹಜ. ಪದೇಪದೇ ಆಗುತ್ತಿದ್ದರೆ ಕರುಳಿನ ಚಲನೆಯ ದೋಷ ಅಥವಾ ಚರ್ಮರೋಗವನ್ನು ಶಂಕಿಸಬೇಕು. ನಿತ್ಯ ಬಾಚುವುದು, ಚಿಗಟ ನಿವಾರಣೆ ಮತ್ತು ಆಹಾರದಲ್ಲಿ ಸ್ವಲ್ಪ ನಾರಿನಂಶ ಇದಕ್ಕೆ ಪರಿಹಾರ.

### ಮರಿಗಳು

ತಾಯಿಯಿಲ್ಲದ ಮರಿಗಳಿಗೆ ಹಸುವಿನ ಹಾಲು ಕೊಟ್ಟು ಭೇದಿಯಾಗುವುದು ಬಹಳ ಸಾಮಾನ್ಯ. ಬೆಕ್ಕಿನ ಹಾಲಿಗೆ ಹೋಲಿಸಿದರೆ ಹಸುವಿನ ಹಾಲಿನಲ್ಲಿ ಪ್ರೋಟೀನು ಕಡಿಮೆ. ಮರಿಗಳಿಗಾಗಿಯೇ ತಯಾರಿಸಿದ ಹಾಲಿನ ಪುಡಿ ಉತ್ತಮ. ಮೈ ತಣ್ಣಗಾದ ಮರಿಗೆ ಮೊದಲು ಬಿಸುಪು ಕೊಟ್ಟು ನಂತರ ಉಣಿಸಬೇಕು. ತಣ್ಣಗಿನ ಮರಿಯ ಕರುಳು ಕೆಲಸ ಮಾಡುವುದಿಲ್ಲ. ನಾಲ್ಕು ವಾರಗಳ ವೇಳೆಗೆ ಮೆತ್ತನೆಯ ಮಾಂಸಾಹಾರವನ್ನು ಆರಂಭಿಸಬಹುದು.

## ಸಿದ್ಧ ಆಹಾರ

ಪೇಟೆಯಲ್ಲಿ ದೊರೆಯುವ ಬೆಕ್ಕಿನ ಆಹಾರ ಎರಡು ಬಗೆ. ಒಣ ಕಾಳಿನ ರೂಪದ್ದರಲ್ಲಿ ತೇವಾಂಶ ಸುಮಾರು ಶೇ 10ರೊಳಗೆ. ಚೀಲ ಅಥವಾ ಡಬ್ಬಿಯ ಮೆತ್ತನೆಯ ಆಹಾರದಲ್ಲಿ ಶೇ 75ರಿಂದ 80. ಜೀರ್ಣಸಮಸ್ಯೆ, ಮಲಬದ್ಧತೆ ಮತ್ತು ಮೂತ್ರದ ತೊಂದರೆಗಳಿರುವ ಬೆಕ್ಕುಗಳಿಗೆ ಎರಡನೆಯದು ಹೆಚ್ಚು ಅನುಕೂಲ. ಕೊಳ್ಳುವಾಗ ಗಮನಿಸಬೇಕಾದ ಅಂಶಗಳು:

* ಸಂಪೂರ್ಣ ಮತ್ತು ಸಮತೋಲಿತ ಆಹಾರವೆಂದು ನಮೂದಾಗಿರಬೇಕು. ಕೆಲವು ಚೀಲಗಳು ಉಪಾಹಾರ ಮಾತ್ರ. ಅವುಗಳನ್ನೇ ನಿತ್ಯ ನೀಡಬಾರದು.
* ಯಾವ ವಯಸ್ಸಿನ ಬೆಕ್ಕಿಗೆ ಎಂಬುದು ಸ್ಪಷ್ಟವಾಗಿರಬೇಕು.
* ಘಟಕಗಳ ಪಟ್ಟಿಯಲ್ಲಿ ಮಾಂಸ ಅಥವಾ ಮೀನು ಮೊದಲಿಗಿರುವುದು ಒಳ್ಳೆಯದು.
* ತೆರೆದ ಚೀಲದಿಂದ ಬಿಡಿಯಾಗಿ ತೂಗಿ ಮಾರುವ ಆಹಾರದ ತಯಾರಿಕೆಯ ದಿನಾಂಕ ತಿಳಿಯದು. ಬೇಸಿಗೆಯಲ್ಲಿ ಅದರ ಕೊಬ್ಬು ಬೇಗ ಕಮಟುತ್ತದೆ.
* ನಾಯಿಯ ಆಹಾರವನ್ನು ಬೆಕ್ಕಿಗೆ ನಿತ್ಯ ನೀಡಬಾರದು. ಅದರಲ್ಲಿ ಬೆಕ್ಕಿಗೆ ಬೇಕಾದಷ್ಟು ಪ್ರೋಟೀನು ಮತ್ತು ಟಾರಿನ್ ಇರುವುದಿಲ್ಲ.

ಜೀರ್ಣರೋಗಕ್ಕೆಂದೇ ತಯಾರಿಸಿದ ಚಿಕಿತ್ಸಾ ಆಹಾರಗಳನ್ನು ವೈದ್ಯರ ಸಲಹೆಯಿಲ್ಲದೆ ಬಳಸಬಾರದು. ಮೂತ್ರಪಿಂಡದ ರೋಗಕ್ಕೆ ರೂಪಿಸಿದ ಆಹಾರ ಮತ್ತು ಕರುಳಿನ ರೋಗಕ್ಕೆ ರೂಪಿಸಿದ ಆಹಾರ ಒಂದಕ್ಕೊಂದು ಬದಲಿಯಲ್ಲ.

## ಸಸ್ಯಾಹಾರಿ ಮನೆಗಳಲ್ಲಿ

ಈ ಭಾಗದ ಅನೇಕ ಕುಟುಂಬಗಳು ಸಸ್ಯಾಹಾರಿಗಳು. ಅಡುಗೆಮನೆಯಲ್ಲಿ ಮಾಂಸ ಬೇಯಿಸುವುದು ಅವರಿಗೆ ಒಪ್ಪಿಗೆಯಾಗದು. ಮನೆಯ ಬೆಕ್ಕಿನ ಮೇಲಿನ ಪ್ರೀತಿಯೂ ಕಡಿಮೆಯದಲ್ಲ. ಇಂತಹ ಮನೆಗಳಲ್ಲಿ ಬೆಕ್ಕನ್ನು ಹಾಲನ್ನದ ಮೇಲೆಯೇ ಬೆಳೆಸುವುದಕ್ಕಿಂತ ಮೊಹರು ಮಾಡಿದ ಸಂಪೂರ್ಣ ಸಿದ್ಧ ಆಹಾರವನ್ನು ಅಡುಗೆಮನೆಯ ಹೊರಗೆ, ಪ್ರತ್ಯೇಕ ತಟ್ಟೆಯಲ್ಲಿ ನೀಡುವುದು ಕಾರ್ಯಸಾಧ್ಯವಾದ ಮಾರ್ಗ. ಮೊಟ್ಟೆಯನ್ನು ಒಪ್ಪುವವರು ಪೂರ್ತಿ ಬೇಯಿಸಿದ ಮೊಟ್ಟೆಯನ್ನು ಪೂರಕವಾಗಿ ನೀಡಬಹುದು. ಅದರ ಪ್ರೋಟೀನು ಸುಲಭವಾಗಿ ಜೀರ್ಣವಾಗುತ್ತದೆ. ಆದರೆ ಟಾರಿನ್ ಅಲ್ಪವಾದುದರಿಂದ ಅದೊಂದೇ ಸಾಲದು. ಹಸಿ ಮೊಟ್ಟೆಯ ಬಿಳಿಭಾಗವು ಬಯೋಟಿನ್ ಎಂಬ ಜೀವಸತ್ವವನ್ನು ಹಿಡಿದಿಡುವುದರಿಂದ ಅದು ವರ್ಜ್ಯ. ಪನ್ನೀರು, ಬೇಳೆ, ಸೋಯಾಗಳು ಮಾಂಸಕ್ಕೆ ಪರ್ಯಾಯವಾಗಲಾರವು.

## ನೀಡಬಾರದ ಪದಾರ್ಥಗಳು

* ಈರುಳ್ಳಿ ಮತ್ತು ಬೆಳ್ಳುಳ್ಳಿ: ಹಸಿ, ಬೇಯಿಸಿದ, ಪುಡಿಯಾದ ಯಾವ ರೂಪದಲ್ಲಿಯೂ ಕೆಂಪು ರಕ್ತಕಣಗಳನ್ನು ಒಡೆದು ರಕ್ತಹೀನತೆ ತರುತ್ತವೆ.
* ಬೇಯಿಸಿದ ಮೂಳೆ: ಸೀಳಿ ಗಂಟಲು ಮತ್ತು ಕರುಳಿಗೆ ಚುಚ್ಚುತ್ತದೆ.
* ಹಸಿ ಮಾಂಸ: ಸಾಲ್ಮೊನೆಲ್ಲ ಮತ್ತು ಟಾಕ್ಸೊಪ್ಲಾಸ್ಮ ಸೋಂಕಿನ ಮೂಲ. ಟಾಕ್ಸೊಪ್ಲಾಸ್ಮ ಗರ್ಭಿಣಿಯರಿಗೂ ಅಪಾಯಕರವಾದುದರಿಂದ ಅವರು ಬೆಕ್ಕಿನ ಮಲವನ್ನು ತೆಗೆಯಬಾರದು.
* ಅತಿಯಾದ ಈಲಿ: ನಿತ್ಯವೂ ಈಲಿಯನ್ನೇ ತಿಂದರೆ ಎ ಜೀವಸತ್ವ ಅತಿಯಾಗಿ ಬೆನ್ನೆಲುಬು ಬಿಗಿದುಕೊಳ್ಳುತ್ತದೆ.
* ಚಾಕೊಲೇಟ್, ಚಹಾ, ಕಾಫಿ, ಮದ್ಯ.
* ಮನುಷ್ಯರ ಔಷಧಿಗಳು: ಪ್ಯಾರಾಸಿಟಮಾಲ್ ಬೆಕ್ಕಿಗೆ ಮಾರಕ ವಿಷ; ಒಂದು ಮಾತ್ರೆಯೂ ಪ್ರಾಣ ತೆಗೆಯಬಲ್ಲದು. ನೋವಿನ ಮಾತ್ರೆ, ಭೇದಿ ನಿಲ್ಲಿಸುವ ಮಾತ್ರೆಗಳನ್ನೂ ಸ್ವಂತ ನಿರ್ಧಾರದಿಂದ ನೀಡಬಾರದು.

## ನೀರು

ಬೆಕ್ಕಿಗೆ ಆಹಾರದಲ್ಲಿರುವುದೂ ಸೇರಿ ದಿನವೊಂದಕ್ಕೆ ಪ್ರತಿ ಕಿಲೋಗ್ರಾಂ ದೇಹತೂಕಕ್ಕೆ ಸುಮಾರು 50 ಮಿಲಿಲೀಟರ್ ನೀರು ಬೇಕು. ಬಾಯಾರಿಕೆಯನ್ನು ತೀವ್ರವಾಗಿ ತೋರದ ಈ ಪ್ರಾಣಿ ಜಗಳೂರಿನಂತಹ ಒಣ ಪ್ರದೇಶದ ಬೇಸಿಗೆಯಲ್ಲಿ ಬೇಗನೆ ನಿರ್ಜಲೀಕರಣಕ್ಕೆ ಒಳಗಾಗುತ್ತದೆ. ಅಗಲ ಬಾಯಿಯ ಪಾತ್ರೆಗಳಲ್ಲಿ, ಆಹಾರದಿಂದ ದೂರದಲ್ಲಿ, ಎರಡು ಮೂರು ಕಡೆ ಶುದ್ಧ ನೀರಿಟ್ಟು ದಿನವೂ ಬದಲಿಸಬೇಕು. ಭುಜದ ಮೇಲಿನ ಚರ್ಮವನ್ನು ಎತ್ತಿ ಬಿಟ್ಟಾಗ ಅದು ತಕ್ಷಣ ಹಿಂದಿರುಗದಿದ್ದರೆ, ವಸಡು ಅಂಟಂಟಾಗಿದ್ದರೆ ನಿರ್ಜಲೀಕರಣವಾಗಿದೆಯೆಂದು ತಿಳಿಯಬೇಕು. ಈ ಹಂತದಲ್ಲಿ ಬಾಯಿಯ ಮೂಲಕ ನೀರು ಹೊಯ್ಯುವುದರಿಂದ ಪ್ರಯೋಜನವಿಲ್ಲ. ವೈದ್ಯರು ಚರ್ಮದಡಿ ಅಥವಾ ರಕ್ತನಾಳದ ಮೂಲಕ ದ್ರವ ನೀಡುತ್ತಾರೆ.

## ತುರ್ತು ಚಿಕಿತ್ಸೆಯ ಚಿಹ್ನೆಗಳು

ಕೆಳಗಿನ ಸಂದರ್ಭಗಳಲ್ಲಿ ಮನೆಯ ಪಥ್ಯವನ್ನು ನಿಲ್ಲಿಸಿ ಕೂಡಲೇ ಪಶುವೈದ್ಯರನ್ನು ಕಾಣಬೇಕು:

* 24 ಗಂಟೆ ಆಹಾರವನ್ನು ಮುಟ್ಟದಿರುವುದು;
* ಒಂದೇ ದಿನದಲ್ಲಿ ಹಲವು ಬಾರಿ ವಾಂತಿ, ನೀರೂ ನಿಲ್ಲದಿರುವುದು;
* ಮಲ ಅಥವಾ ವಾಂತಿಯಲ್ಲಿ ರಕ್ತ;
* ಕಣ್ಣು, ವಸಡು ಹಳದಿಯಾಗುವುದು ಅಥವಾ ಬಿಳಿಚಿಕೊಳ್ಳುವುದು;
* ಲಸಿಕೆಯಾಗದ ಮರಿಗೆ ವಾಂತಿ ಮತ್ತು ಭೇದಿ;
* ಗಂಡು ಬೆಕ್ಕು ಮೂತ್ರವಿಲ್ಲದೆ ಮುಕ್ಕರಿಸುವುದು;
* ಇಲಿಪಾಷಾಣ ಅಥವಾ ಕೀಟನಾಶಕ ಸೇವನೆಯ ಶಂಕೆ;
* ನಾಲಿಗೆಯ ಕೆಳಗೆ ಅಥವಾ ಗುದದಲ್ಲಿ ದಾರ ಕಾಣುವುದು. ಇದನ್ನು ಎಂದಿಗೂ ಎಳೆಯಬಾರದು. ಎಳೆದರೆ ಕರುಳು ಕತ್ತರಿಸುತ್ತದೆ.

ಜೊಲ್ಲು ಸುರಿಸುತ್ತ, ನುಂಗಲಾಗದೆ, ಸ್ವಭಾವ ಬದಲಾಗಿ ಆಕ್ರಮಣ ಮಾಡುವ ಬೆಕ್ಕಿನಲ್ಲಿ ರೇಬೀಸ್ ಶಂಕಿಸಬೇಕು. ಅದರ ಬಾಯಿಗೆ ಕೈ ಹಾಕಬಾರದು. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಯಲ್ಲಿ ಲಸಿಕೆ ಪಡೆಯಬೇಕು.

## ಚಿಕಿತ್ಸಾ ಸೌಲಭ್ಯ

ಪಶುಪಾಲನಾ ಮತ್ತು ಪಶುವೈದ್ಯಕೀಯ ಸೇವಾ ಇಲಾಖೆಯ ಆಸ್ಪತ್ರೆಗಳು ತಾಲ್ಲೂಕು ಕೇಂದ್ರಗಳಲ್ಲಿವೆ. ಅಲ್ಲಿ ಬರುವ ಪ್ರಾಣಿಗಳಲ್ಲಿ ದನ, ಎಮ್ಮೆ, ಕುರಿ, ಮೇಕೆಗಳೇ ಹೆಚ್ಚಾದರೂ ಬೆಕ್ಕಿನ ಪ್ರಾಥಮಿಕ ಚಿಕಿತ್ಸೆ, ಜಂತುನಾಶಕ ಮತ್ತು ಸಲಹೆಗಾಗಿ ಸಂಪರ್ಕಿಸಬಹುದು. ಸಂಚಾರಿ ಪಶುಚಿಕಿತ್ಸಾ ಸೇವೆಯ ಸಹಾಯವಾಣಿ 1962. ಹೆಚ್ಚಿನ ಪರೀಕ್ಷೆ ಬೇಕಾದಾಗ ಬೀದರಿನಲ್ಲಿ ಕೇಂದ್ರಸ್ಥಾನವಿರುವ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯವು ಹೊನ್ನಾಳಿ, ನ್ಯಾಮತಿ ಮತ್ತು ಚನ್ನಗಿರಿಯವರಿಗೆ ಸಮೀಪವಾಗಿದೆ. ಜಗಳೂರಿನವರಿಗೆ ದಾವಣಗೆರೆ ನಗರ ಹತ್ತಿರ.

ವೈದ್ಯರ ಬಳಿ ಹೋಗುವಾಗ ಬೆಕ್ಕನ್ನು ಗಾಳಿಯಾಡುವ ಬುಟ್ಟಿಯಲ್ಲಿ ಕರೆದೊಯ್ಯಬೇಕು. ಹೊಸ ಮಲದ ಮಾದರಿ, ಕಳೆದ ಒಂದು ವಾರದಲ್ಲಿ ತಿಂದ ಆಹಾರದ ಪಟ್ಟಿ, ಕೊನೆಯ ಬಾರಿ ತಿಂದ ಮತ್ತು ಮೂತ್ರ ಮಾಡಿದ ಸಮಯ, ಕೊಟ್ಟ ಔಷಧಿಗಳ ಹೆಸರು ಇವಿದ್ದರೆ ರೋಗನಿರ್ಣಯ ಸುಲಭವಾಗುತ್ತದೆ.

## ತಡೆಗಟ್ಟುವಿಕೆ

ಮರಿಗಳಿಗೆ ಮೂರು ವಾರಗಳ ವಯಸ್ಸಿನಿಂದ ಎರಡು ವಾರಗಳಿಗೊಮ್ಮೆ, ನಂತರ ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಬೇಟೆಯಾಡುವ ಬೆಳೆದ ಬೆಕ್ಕಿಗೆ ಮೂರು ತಿಂಗಳಿಗೊಮ್ಮೆ ಜಂತುನಾಶಕ ನೀಡುವುದು ರೂಢಿ. ಮಾತ್ರೆಯ ಪ್ರಮಾಣವನ್ನು ತೂಕ ನೋಡಿ ವೈದ್ಯರೇ ನಿಗದಿಪಡಿಸಬೇಕು. ಪ್ಯಾನ್‌ಲ್ಯುಕೋಪೀನಿಯ ವಿರುದ್ಧದ ಲಸಿಕೆಯನ್ನು ಆರರಿಂದ ಎಂಟು ವಾರಗಳ ವಯಸ್ಸಿನಲ್ಲಿ ಆರಂಭಿಸಿ ಕನಿಷ್ಠ 16 ವಾರಗಳವರೆಗೆ ಪುನರಾವರ್ತಿಸುತ್ತಾರೆ. ಈ ವೈರಾಣು ಮನೆಯ ನೆಲ ಮತ್ತು ಹಾಸುಗಳಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ, ರೋಗದಿಂದ ಸತ್ತ ಮರಿಯಿದ್ದ ಮನೆಗೆ ಲಸಿಕೆಯಾಗದ ಮತ್ತೊಂದು ಮರಿಯನ್ನು ತರಬಾರದು.

ಬೆಕ್ಕಿನ ತಟ್ಟೆಯನ್ನು ಪ್ರತಿ ಹೊತ್ತಿನ ನಂತರ ತೊಳೆಯುವುದು, ಬೇಸಿಗೆಯಲ್ಲಿ ಮೆತ್ತನೆಯ ಆಹಾರವನ್ನು ಒಂದೆರಡು ಗಂಟೆಗಿಂತ ಹೆಚ್ಚು ಹೊರಗಿಡದಿರುವುದು, ದಾರ ಮತ್ತು ಇಲಿಪಾಷಾಣವನ್ನು ಬೆಕ್ಕಿಗೆ ಸಿಗದಂತೆ ಇಡುವುದು, ತಿಂಗಳಿಗೊಮ್ಮೆ ತೂಕ ನೋಡುವುದು ಇವು ಸುಲಭವಾಗಿ ಪಾಲಿಸಬಹುದಾದ ಕ್ರಮಗಳು. ಅಡುಗೆಮನೆಯ ತಕ್ಕಡಿಯಲ್ಲಿ ಬುಟ್ಟಿಯೊಡನೆ ತೂಗಿ ಬುಟ್ಟಿಯ ತೂಕವನ್ನು ಕಳೆದರೂ ಸಾಕು. 4 ಕಿಲೋಗ್ರಾಂ ಬೆಕ್ಕು 400 ಗ್ರಾಂ ಕಳೆದುಕೊಂಡರೆ ಅದು ದೇಹದ ಹತ್ತನೆಯ ಒಂದು ಭಾಗ. ಕಣ್ಣಿಗೆ ಕಾಣದ ಈ ಇಳಿಕೆಯನ್ನು ತಕ್ಕಡಿ ಮೊದಲೇ ತಿಳಿಸುತ್ತದೆ.

## ಇವನ್ನೂ ನೋಡಿ

* ಬೆಕ್ಕು
* ಟಾರಿನ್
* ಲ್ಯಾಕ್ಟೋಸ್ ಅಸಹಿಷ್ಣುತೆ
* ರೇಬೀಸ್
* ದಾವಣಗೆರೆ ಜಿಲ್ಲೆ